ಅಜ್ಜನ ಗಡಿಯಾರಕ್ಕೆ ಎರಡು ಸಲ ಬಣ್ಣ

ನಮ್ಮ ಕಡೆಯ ಹಳೇ ಮನೆಗಳ ಪಡಸಾಲೆಯಲ್ಲಿ ಕಟ್ಟಿಗೆಯ ಗೋಡೆ ಗಡಿಯಾರವೊಂದು ತೂಗುಬಿದ್ದಿರುವುದನ್ನು ನೀವು ನೋಡಿರಬಹುದು. ಎಂಟು ದಿನಕ್ಕೊಮ್ಮೆ ಕೀಲಿ ಕೊಡುವುದು, ತಾಸಿಗೊಮ್ಮೆ ಗಂಟೆ ಬಡಿಯುವುದು, ಗಾಜಿನ ಬಾಗಿಲ ಹಿಂದೆ ಹಿತ್ತಾಳೆಯ ಬಿಲ್ಲೆ ಅತ್ತಿಂದಿತ್ತ ಓಲಾಡುವುದು ಅದರ ಗುರುತು. ಕೆಲವು ಮನೆಗಳಲ್ಲಿ ಅದು ಇನ್ನೂ ನಡೆಯುತ್ತಿದೆ. ಬಹಳ ಮನೆಗಳಲ್ಲಿ ನಿಂತಿದೆ. ನಿಂತರೂ ಯಾರೂ ಅದನ್ನು ಇಳಿಸಿಲ್ಲ. ಮದುವೆ ಬಂತೆಂದರೆ, ದೀಪಾವಳಿ ಬಂತೆಂದರೆ ಬಾಗಿಲು ಕಿಟಕಿಗಳಿಗೆ ಹಚ್ಚಿ ಉಳಿದ ಬಣ್ಣವನ್ನು ಯಾರಾದರೊಬ್ಬರು ಅದಕ್ಕೂ ಬಳಿಯುತ್ತಾರೆ.

ಹಾಗೆ ಬಳಿದವರಲ್ಲಿ ನಾನೂ ಒಬ್ಬ. ಆ ತಪ್ಪಿನ ಕಥೆಯನ್ನೂ, ಮೂವತ್ತೊಂದು ವರ್ಷಗಳ ನಂತರ ಅದನ್ನು ತಿದ್ದಿಕೊಂಡ ಬಗೆಯನ್ನೂ ಇಲ್ಲಿ ಹೇಳುತ್ತೇನೆ. ವಿದ್ಯಾರ್ಥಿಗಳಿಗೆ ಇದರಲ್ಲಿ ಸ್ವಲ್ಪ ವಿಜ್ಞಾನ ಸಿಕ್ಕೀತು. ಪಾಲಕರಿಗೆ ಒಂದೆರಡು ಎಚ್ಚರಿಕೆಯ ಮಾತು ಸಿಕ್ಕಾವು.

ಹಸಿರು ಬಣ್ಣದ ಡಬ್ಬಿ

ನವಲಗುಂದ ತಾಲೂಕಿನ ಎರೆಭೂಮಿಯ ಹಳ್ಳಿ ನಮ್ಮದು. ಬೆಣ್ಣೆಹಳ್ಳ ಅಲ್ಲಿಂದ ದೂರವಿಲ್ಲ. ಗಡಿಯಾರವನ್ನು ತಂದವರು ನಮ್ಮಜ್ಜ. ಅದರ ಮುಖದ ಮೇಲೆ ಎಂಟು ಮೊನೆಯ ನಕ್ಷತ್ರದ ಗುರುತಿದೆ. ಅದು ಜರ್ಮನಿಯ ಶ್ರಾಂಬರ್ಗ್ ಊರಿನಲ್ಲಿ 1861ರಲ್ಲಿ ಆರಂಭವಾದ ಯುಂಗ್‌ಹಾನ್ಸ್ ಕಾರ್ಖಾನೆಯ ಗುರುತು. 1903ರ ವೇಳೆಗೆ ಅದು ಜಗತ್ತಿನಲ್ಲೇ ದೊಡ್ಡ ಗಡಿಯಾರ ಕಾರ್ಖಾನೆಯಾಗಿತ್ತು. ಅಜ್ಜ ಅಣ್ಣಿಗೇರಿ ಸ್ಟೇಷನ್ನಿನ ಗಡಿಯಾರ ನೋಡಿಕೊಂಡು ಬಂದು ಇದರ ಮುಳ್ಳು ಸರಿಪಡಿಸುತ್ತಿದ್ದರಂತೆ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಮುಂದೆ ಮನೆಗೆ ರೇಡಿಯೋ ಬಂದಮೇಲೆ ನಮ್ಮ ತಂದೆ ರೇಡಿಯೋ ಕೇಳಿ ಸರಿಪಡಿಸುತ್ತಿದ್ದರು. ಕೀಲಿ ಕೊಡುವ ಕೆಲಸವನ್ನು ಅವರು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

1992ರ ಬೇಸಿಗೆ. ನಾನು ಬಿ.ಇಡಿ. ಮುಗಿಸಿ ಮನೆಗೆ ಬಂದಿದ್ದೆ. ತಂಗಿಯ ಮದುವೆ ಗೊತ್ತಾಗಿತ್ತು. ಮನೆಗೆ ಸುಣ್ಣ, ಬಾಗಿಲಿಗೆ ಹಸಿರು ಎನಾಮಲ್ ಬಣ್ಣ. ಅರ್ಧ ಡಬ್ಬಿ ಉಳಿಯಿತು. ಕಪ್ಪುಗಟ್ಟಿ ಮಂಕಾಗಿದ್ದ ಗಡಿಯಾರ ನನ್ನ ಕಣ್ಣಿಗೆ ಬಿತ್ತು. ತಂದೆ ಸಂತೆಗೆ ಹೋಗಿದ್ದರು. ಕೆಳಗಿಳಿಸಿದೆ, ಅರಿವೆಯಿಂದ ಧೂಳು ಹೊಡೆದೆ, ಉಜ್ಜುವ ಗೋಜಿಗೆ ಹೋಗದೆ ಹೊರಗೆಲ್ಲ ಎರಡು ಕೈ ಬಣ್ಣ ಎಳೆದೆ. ಅಷ್ಟಕ್ಕೇ ಬಿಡದೆ ಬಾಗಿಲ ಚೌಕಟ್ಟಿನ ಒಳಮೈಗೂ, ಪೆಟ್ಟಿಗೆಯ ಒಳಗಿನ ಹಲಗೆಗೂ ಹಚ್ಚಿದೆ. ಅಲ್ಲಿ ಪೆನ್ಸಿಲ್ಲಿನಿಂದ ಏನೋ ಗೀಚಿದ್ದು ಕಂಡಿತ್ತು. ಅದು ಹೊಲಸೆಂದೇ ಭಾವಿಸಿದೆ.

ಸಂಜೆ ತಂದೆ ಬಂದರು. ಬಹಳ ಹೊತ್ತು ಗಡಿಯಾರದ ಮುಂದೆ ನಿಂತರು. ಆಮೇಲೆ ಒಂದೇ ಮಾತು ಕೇಳಿದರು: “ಒಳಗ ಸೈತ ಹಚ್ಚಿ ಏನು?” ನಾನು ಹೌದೆಂದೆ. ಅವರು ಮತ್ತೇನೂ ಅನ್ನಲಿಲ್ಲ. 2009ರಲ್ಲಿ ತೀರಿಕೊಳ್ಳುವವರೆಗೂ ಆ ವಿಷಯ ಎತ್ತಲಿಲ್ಲ.

ಕುಂಟುವ ಟಿಕ್‌ಟಾಕ್

ಬಣ್ಣ ಒಣಗಿದ ಮೇಲೆ ಗಡಿಯಾರ ಗೋಡೆಗೇರಿತು. ಹತ್ತು ನಿಮಿಷ ನಡೆದು ನಿಂತಿತು. ಓಲಾಡಿಸಿದರೆ ಮತ್ತೆ ಹತ್ತು ನಿಮಿಷ. ಬಣ್ಣದ ಭಾರಕ್ಕೆ ಹೀಗಾಯಿತೆಂದು ಮನೆಯವರೆಲ್ಲ ತೀರ್ಮಾನಿಸಿದರು. ವಿಜ್ಞಾನದ ಪದವೀಧರನಾದ ನನಗೂ ಬೇರೇನೂ ಹೊಳೆಯಲಿಲ್ಲ.

ಹುಬ್ಬಳ್ಳಿಯಿಂದ ರಿಪೇರಿಯವರು ಬಂದರು. ವಯಸ್ಸಾದವರು. ಹತ್ಯಾರದ ಚೀಲ ಬಿಚ್ಚಲೇ ಇಲ್ಲ. ಕಣ್ಣು ಮುಚ್ಚಿ ಅರ್ಧ ನಿಮಿಷ ಸದ್ದು ಕೇಳಿದರು. “ಕುಂಟಾಕತ್ತೈತ್ರಿ” ಎಂದರು. ಪೆಟ್ಟಿಗೆಯ ಕೆಳತುದಿಯನ್ನು ಒಂದು ಬೆರಳಿನಷ್ಟು ಎಡಕ್ಕೆ ಸರಿಸಿದರು. ಸದ್ದು ಸಮವಾಯಿತು. ಗಡಿಯಾರ ನಡೆಯತೊಡಗಿತು.

ಇದರ ಹಿಂದಿನ ಕಾರಣ ಸರಳ. ಲೋಲಕ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋದಾಗ ಒಳಗಿನ ಹಲ್ಲಿನ ಚಕ್ರ ಒಂದೊಂದು ಹೆಜ್ಜೆ ಮುಂದಕ್ಕೆ ಜಾರುತ್ತದೆ. ಜಾರುವಾಗ ಲೋಲಕಕ್ಕೆ ಸಣ್ಣದೊಂದು ತಳ್ಳು ಕೊಡುತ್ತದೆ. ಆ ತಳ್ಳಿನಿಂದಲೇ ಓಲಾಟ ನಿಲ್ಲದೆ ಸಾಗುವುದು. ಪೆಟ್ಟಿಗೆ ಓರೆಯಾಗಿದ್ದರೆ ಒಂದು ಕಡೆಯ ಹೆಜ್ಜೆ ಬೇಗ, ಇನ್ನೊಂದು ಕಡೆಯದು ತಡವಾಗಿ ಬೀಳುತ್ತದೆ. “ಟಿಕ್–ಟಾಕ್–ಟಿಕ್–ಟಾಕ್” ಎಂದು ಸಮವಾಗಿ ಕೇಳಬೇಕಾದದ್ದು “ಟಿಕ್ಟಾಕ್... ಟಿಕ್ಟಾಕ್...” ಎಂದು ಕುಂಟುತ್ತದೆ. ತಳ್ಳು ಸಾಲದೆ ಓಲಾಟ ಸೋಲುತ್ತದೆ. ನಿಂತ ಗಡಿಯಾರಗಳಲ್ಲಿ ಎಷ್ಟೋ ಇಷ್ಟಕ್ಕೇ ನಿಂತಿರುತ್ತವೆ. ನಿಮ್ಮ ಮನೆಯದೂ ನಿಂತಿದ್ದರೆ ಮೊದಲು ಕಿವಿಗೊಟ್ಟು ನೋಡಿ.

“ಕೆಳಗ ಏನೈತಿ ನೋಡ್ರಿ”

ವರ್ಷಗಳು ಕಳೆದಂತೆ ನನ್ನ ಹಸಿರು ಬಣ್ಣ ಬಿರುಕು ಬಿಟ್ಟು ಹಕ್ಕಳೆಯಾಗಿ ಏಳತೊಡಗಿತು. ನವಲಗುಂದದ ಬೇಸಿಗೆ ಒಣ ಬೇಸಿಗೆ. ಕಟ್ಟಿಗೆ ಆಗ ನೀರಿನಂಶ ಕಳೆದುಕೊಂಡು ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಅದೂ ಉದ್ದಕ್ಕಲ್ಲ, ಎಳೆಗಳಿಗೆ ಅಡ್ಡಲಾಗಿ ಹೆಚ್ಚು. ಎನಾಮಲ್ ಹಳತಾದಂತೆ ಗಡುಸಾಗುತ್ತದೆ. ಕಟ್ಟಿಗೆಯ ಜೊತೆ ಹಿಗ್ಗಿ ಕುಗ್ಗಲು ಅದಕ್ಕೆ ಬಾರದು. ಆಗ ಅದು ಸೀಳುತ್ತದೆ.

2023ರ ಬೇಸಿಗೆ ರಜೆಯಲ್ಲಿ ಗಡಿಯಾರಕ್ಕೆ ಮತ್ತೆ ಬಣ್ಣ ಹಚ್ಚಬೇಕೆಂದು ಹೊರಟೆ. ನಾನೀಗ ಕೆಲಸ ಮಾಡುವುದು ಕಲಘಟಗಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ. ಕಲಘಟಗಿಯ ಬಣ್ಣದ ತೊಟ್ಟಿಲು ಯಾರಿಗೆ ಗೊತ್ತಿಲ್ಲ? ಸಾಗುವಾನಿ ಕಟ್ಟಿಗೆಯ ಮೇಲೆ ದೇವಾನುದೇವತೆಗಳ ಚಿತ್ರ ಬರೆದು ಹೊಳಪು ಕೊಟ್ಟ ಈ ತೊಟ್ಟಿಲುಗಳು ಅಜ್ಜಿಯಿಂದ ಮೊಮ್ಮಗಳವರೆಗೆ ಒಂದೇ ಮನೆಯಲ್ಲಿ ಬಾಳುತ್ತವೆ. ನನ್ನ ಬಣ್ಣ ಹದಿನೈದು ವರ್ಷಕ್ಕೇ ಏಕೆ ಎದ್ದಿತು, ತೊಟ್ಟಿಲಿನದು ಹೇಗೆ ಉಳಿಯಿತು ಎಂದು ಕೇಳಲು ಅಲ್ಲಿನ ಹಿರಿಯ ಬಡಿಗರೊಬ್ಬರ ಬಳಿ ಹೋದೆ. ಅವರು ನನ್ನ ಫೋನಿನಲ್ಲಿದ್ದ ಚಿತ್ರ ನೋಡಿ ನಕ್ಕರು. “ಬಣ್ಣ ಹಚ್ಚೂದು ಕಡೀ ಕೆಲಸ್ರೀ ಸರ. ಮೊದಲ ಅದರ ಕೆಳಗ ಏನೈತಿ ನೋಡ್ರಿ” ಎಂದರು.

ಈ ಲೇಖನದಲ್ಲಿ ನಾನು ಹೇಳಬೇಕಾದದ್ದೂ ಇಷ್ಟೆ. ಉಳಿದದ್ದು ಅದರ ವಿವರಣೆ.

ಕೆಳಗೇನಿದೆ ಎಂದು ತಿಳಿಯಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಪೆಟ್ಟಿಗೆಯ ಹಿಂಬದಿಯಲ್ಲಿ ಕಣ್ಣಿಗೆ ಬೀಳದ ಜಾಗ ಆರಿಸಿ. ಬಡಿಗರು ಪಾಲಿಶ್‌ಗೆ ಬಳಸುವ ಸ್ಪಿರಿಟ್‌ನಲ್ಲಿ ಹತ್ತಿಯ ತುದಿ ಅದ್ದಿ ಅಲ್ಲಿ ಮುಟ್ಟಿಸಿ, ಒಂದು ನಿಮಿಷ ಬಿಡಿ. ಮೈ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಅರಗಿನ ಪಾಲಿಶ್. ಏನೂ ಆಗದಿದ್ದರೆ ಎಣ್ಣೆ ಬಣ್ಣವೋ ಈಚಿನ ವಾರ್ನಿಶ್ಶೋ ಇರಬೇಕು. ನಮ್ಮ ಗಡಿಯಾರದ ಹಿಂಬದಿಗೆ ನಾನು ಬಣ್ಣ ಬಳಿದಿರಲಿಲ್ಲ. ಅಲ್ಲಿ ಹತ್ತಿ ಕಂದಾಯಿತು. ಒದ್ದೆ ಅರಿವೆಯಿಂದ ಒರೆಸಿದಾಗ ಇನ್ನೊಂದು ಸಂಗತಿ ತಿಳಿಯಿತು. ಇಷ್ಟು ದಿನ ಸಾಗುವಾನಿ ಎಂದುಕೊಂಡಿದ್ದು ಸಾಗುವಾನಿಯಲ್ಲ. ಮೆತ್ತನೆಯ ಬಿಳಿ ಕಟ್ಟಿಗೆಯ ಮೇಲೆ ಆಕ್ರೋಟ ಮರದ ತೆಳು ಪದರ ಅಂಟಿಸಿದ್ದರು. ಒಂದು ಮಿಲಿಮೀಟರ್ ಕೂಡ ದಪ್ಪವಿಲ್ಲ. ಉಸುಕಿನ ಕಾಗದ ಹಿಡಿದು ಜೋರಾಗಿ ಉಜ್ಜಿದ್ದರೆ ಅರ್ಧ ತಾಸಿನಲ್ಲಿ ಅದು ಹೋಗಿಬಿಡುತ್ತಿತ್ತು.

ಪಾಲಕರ ಗಮನಕ್ಕೆ

ಹಳೇ ಬಣ್ಣ ಕೆರೆಯುವ ಮುನ್ನ ಒಂದು ಮಾತು ತಿಳಿದಿರಲಿ. ಹಿಂದಿನ ಎನಾಮಲ್ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಹಸಿರು, ಕೆಂಪು ಬಣ್ಣಗಳಲ್ಲಿ, ಸೀಸದ ಸಂಯುಕ್ತಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಹಳದಿಗೆ ಲೆಡ್ ಕ್ರೋಮೇಟ್. ಅದಕ್ಕೆ ನೀಲಿ ಬೆರೆಸಿದರೆ ಹಸಿರು. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಕೂಡದೆಂದು ನಮ್ಮ ದೇಶದಲ್ಲಿ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಮೊದಲು ಹಚ್ಚಿದ ಬಣ್ಣದಲ್ಲಿ ಸೀಸ ಇದೆಯೆಂದೇ ಭಾವಿಸುವುದು ಕ್ಷೇಮ. ಅದರ ಧೂಳು ಮೂಗು ಬಾಯಿಗಳ ಮೂಲಕ ಸೇರಿ ಮಕ್ಕಳ ಮಿದುಳಿನ ಬೆಳವಣಿಗೆಗೆ ಧಕ್ಕೆ ತರುತ್ತದೆ. ಇಷ್ಟು ಸೀಸ ಇದ್ದರೆ ತೊಂದರೆಯಿಲ್ಲ ಎನ್ನುವ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹೀಗಾಗಿ ಒಣ ಬಣ್ಣವನ್ನು ಉಸುಕಿನ ಕಾಗದದಿಂದ ಉಜ್ಜಬಾರದು, ಬೆಂಕಿಯಿಂದ ಸುಡಬಾರದು. ಹೊರಗೆ, ಗಾಳಿಯಲ್ಲಿ, ಮುಖಕ್ಕೆ ಮುಸುಕು, ಕೈಗೆ ರಬ್ಬರ್ ಚೀಲ ಹಾಕಿಕೊಂಡು, ಮೈ ತೇವ ಮಾಡಿಕೊಂಡೇ ತೆಗೆಯಬೇಕು. ಬಿದ್ದ ಚೂರನ್ನು ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿ ಮುಚ್ಚಿಡಬೇಕು. ಒಲೆಗೂ ಬೇಡ, ತಿಪ್ಪೆಗೂ ಬೇಡ. ಈ ಹಂತದಲ್ಲಿ ಮಕ್ಕಳು ಹತ್ತಿರ ಇರಕೂಡದು. ನಾನು ನನ್ನ ಮಗಳನ್ನೂ ಓಣಿಯ ಹುಡುಗರನ್ನೂ ಹಿತ್ತಲಿಗೆ ಬಿಡಲಿಲ್ಲ.

ಇನ್ನೊಂದು ಅಪಾಯ ಯಂತ್ರದ್ದು. ಕೀಲಿ ಕೊಟ್ಟ ಸ್ಪ್ರಿಂಗ್ ಎಂಟು ದಿನದ ಶಕ್ತಿಯನ್ನು ಸುತ್ತಿಟ್ಟುಕೊಂಡಿರುತ್ತದೆ. ಸ್ಕ್ರೂ ಬಿಚ್ಚಿ ಅದನ್ನು ಒಮ್ಮೆಲೇ ಸಡಿಲಬಿಟ್ಟರೆ ಬೆರಳು ಹೋದೀತು. ಯಂತ್ರವನ್ನು ಬಲ್ಲವರಿಂದಲೇ ತೆಗೆಸಿ. ಗಡಿಯಾರ ಗೋಡೆಯಿಂದ ಇಳಿಸುವ ಮೊದಲು ಲೋಲಕವನ್ನು ಬಿಡಿಸಿಡಿ. ಅಂಕಿಗಳಿರುವ ಮುಖವನ್ನು ನೀರಿನಿಂದ ಒರೆಸಬೇಡಿ, ಅಂಕಿಗಳೇ ಅಳಿಸಿಹೋಗಬಹುದು.

ಸೋಮಾರಿತನ ಉಳಿಸಿದ್ದು

ಬಾಗಿಲ ಒಳಮೈಯ ಕೆಳತುದಿಯಿಂದ ಕೆಲಸ ಶುರು ಮಾಡಿದೆ. ಅಂಗಡಿಯಿಂದ ತಂದ ಬಣ್ಣ ತೆಗೆಯುವ ದ್ರಾವಣ ಹಚ್ಚಿ, ಹತ್ತು ನಿಮಿಷ ಬಿಟ್ಟು, ಅರಿವೆಯಿಂದ ಒರೆಸಿದೆ. ಹಸಿರಿನ ಜೊತೆ ಒಂದಿಷ್ಟು ಕಂದು, ಒಂದಿಷ್ಟು ಕಪ್ಪು ಬಂತು. ಕಪ್ಪು ಎಲ್ಲಿಂದ ಬಂತೆಂದು ಕನ್ನಡಕ ಸರಿಮಾಡಿಕೊಂಡು ನೋಡಿದರೆ, ಒರೆಸಿದ ಜಾಗದ ಅಂಚಿನಲ್ಲಿ “1970” ಎಂಬ ಅಂಕಿ. ಅದರ ಮುಂದೆ ಒಂದು ಅಕ್ಷರದ ಬಾಲ. ಮುಂದಿನದೆಲ್ಲ ನನ್ನ ಕೈಯ ಅರಿವೆಗೆ ಬಂದಿತ್ತು.

1970 ನಾನು ಹುಟ್ಟಿದ ವರ್ಷ.

ದ್ರಾವಣದ ಡಬ್ಬಿ ಮುಚ್ಚಿಟ್ಟು ಕುಳಿತೆ. ನಂತರ ಬಿದಿರಿನ ತೆಳು ಸೀಳೊಂದನ್ನು ತೆಗೆದುಕೊಂಡು, ಬಣ್ಣದ ಮೇಲೆ ನೀರು ಒರೆಸಿ, ಬಿರುಕಿನ ಅಂಚಿಗೆ ಮೆಲ್ಲಗೆ ಒತ್ತಿದೆ. ಹಸಿರು ಬಣ್ಣ ಬೆಳ್ಳುಳ್ಳಿಯ ಸಿಪ್ಪೆಯಂತೆ ಕಳಚಿ ಬಂತು. ಕೆಳಗೆ ಅರಗಿನ ಪದರ ಹಾಗೇ ಹೊಳೆಯುತ್ತಿತ್ತು. ಅದರೊಳಗೆ ಅಜ್ಜನ ಮೋಡಿ ಕೈಬರಹ.

ಇದು ಹೇಗಾಯಿತು? ಬಣ್ಣ ಗಟ್ಟಿಯಾಗಿ ಹಿಡಿಯಬೇಕಾದರೆ ಕೆಳಗಿನ ಮೈ ತುಸು ತರಿತರಿಯಾಗಿರಬೇಕು. ಅದಕ್ಕೇ ಬಣ್ಣದವರು ಮೊದಲು ಉಜ್ಜುವುದು. ನುಣುಪಾದ ಅರಗಿನ ಮೇಲೆ ಉಜ್ಜದೆ ಹಚ್ಚಿದ ಎನಾಮಲ್‌ಗೆ ಹಿಡಿತವೇ ಸಿಕ್ಕಿರಲಿಲ್ಲ. 1992ರಲ್ಲಿ ನಾನು ಶ್ರದ್ಧೆಯಿಂದ ಉಜ್ಜಿ ಹಚ್ಚಿದ್ದರೆ ಈ ಬರಹ ಅಂದೇ ಹೋಗುತ್ತಿತ್ತು. ಅಜ್ಜ ಬರೆದದ್ದರ ಮೇಲೆ ಯಾರೋ ಇನ್ನೊಂದು ಕೈ ತೆಳು ಅರಗು ಎಳೆದಿದ್ದರು. ಪೆನ್ಸಿಲ್ಲಿನ ಸೀಸ ಎನ್ನುವುದು ಸೀಸವಲ್ಲ, ಗ್ರಾಫೈಟ್. ಅಂದರೆ ಇಂಗಾಲ. ಬೆಳಕಿಗೆ ಅದು ಮಾಸುವುದಿಲ್ಲ, ಸ್ಪಿರಿಟ್ಟಿನಲ್ಲಿ ಕರಗುವುದಿಲ್ಲ. ಕೆಳಗಿನ ಅರಗು ಅಲುಗದಿದ್ದರೆ ಅದೂ ಅಲುಗುವುದಿಲ್ಲ.

ನಾಲ್ಕು ದಿನ ಹಿಡಿಯಿತು. ಒಟ್ಟು ಒಂಬತ್ತು ಸಾಲು ಸಿಕ್ಕವು. ನಾಲ್ಕು ಸಾಲು ಗಡಿಯಾರಕ್ಕೆ ಎಣ್ಣೆ ಹಾಕಿಸಿದ ತಾರೀಖುಗಳು. ಉಳಿದವು ಮನೆಯಲ್ಲಿ ಮಕ್ಕಳು ಹುಟ್ಟಿದ ವರ್ಷ, ವೇಳೆ. ಹೆರಿಗೆ ಮನೆಯಲ್ಲೇ ಆಗುತ್ತಿದ್ದ ಕಾಲ. ಒಳಗಿಂದ ಕೂಸಿನ ಅಳು ಕೇಳಿದ ಕೂಡಲೇ ಪಡಸಾಲೆಯಲ್ಲಿ ಕುಳಿತ ಅಜ್ಜ ಎದ್ದು ಗಡಿಯಾರ ನೋಡಿ, ಅದರ ಬಾಗಿಲು ತೆರೆದು, ಅಲ್ಲೇ ಬರೆದಿಡುತ್ತಿದ್ದರು. ತಂಗಿಯದು ಪೂರ್ತಿ ಸಿಕ್ಕಿತು: 1973, ಬೆಳಗಿನ 4 ತಾಸು 10 ಮಿನೀಟು. ಫೋನ್ ಮಾಡಿ ಹೇಳಿದೆ. ಆಕೆಗೆ ಆ ವರ್ಷ ಐವತ್ತು ತುಂಬುವುದಿತ್ತು. “ಅವ್ವ ಕೋಳಿ ಕೂಗೂ ಹೊತ್ತಿನ್ಯಾಗ ಅಂತಿದ್ಲು. ಖರೇನ ಐತಲ್ಲೋ” ಎಂದು ಅತ್ತಳು. ತಂದೆ ಅಂದು ಏಕೆ ಅದೊಂದೇ ಮಾತು ಕೇಳಿದ್ದರು ಎಂಬುದು ನನಗೆ ಆಗ ತಿಳಿಯಿತು.

ಅರಗು ಮತ್ತು ಕಾಡಿಗೆ

ಹೊರಮೈಯ ಬಣ್ಣವನ್ನೂ ಹಾಗೆಯೇ ತೆಗೆದೆ. ಪೆಟ್ಟಿಗೆ ಕಂದು, ಎರಡು ಬದಿಯ ಕಡೆದ ಕಂಬಗಳು ಕಪ್ಪು. ಹಿಂದೆ ಇದ್ದದ್ದು ಅದೇ. ಹಾಗಾದರೆ ಹಚ್ಚಬೇಕಾದದ್ದೂ ಅದನ್ನೇ.

ಅರಗು ಒಂದು ಸಣ್ಣ ಕೀಟದ ಕೊಡುಗೆ. ಮುತ್ತುಗ, ಬೋರೆ, ಕುಸುಮದಂಥ ಮರಗಳ ರೆಂಬೆಗಳ ಮೇಲೆ ಸಾವಿರಾರು ಕೀಟಗಳು ಒತ್ತಾಗಿ ಕುಳಿತು ರಸ ಹೀರಿ, ಮೈಸುತ್ತ ರಾಳ ಸುರಿಸುತ್ತವೆ. ಅದನ್ನು ಕೆರೆದು, ತೊಳೆದು, ಕಾಸಿ, ತೆಳು ಹಾಳೆಯಾಗಿ ಎಳೆದದ್ದೇ ಚಪಡಾ. ಜಾರ್ಖಂಡ, ಛತ್ತೀಸಗಡಗಳಲ್ಲಿ ಹೆಚ್ಚು ಬೆಳೆಯುತ್ತಾರೆ. ರಾಂಚಿಯ ಹತ್ತಿರ ನಾಮ್‌ಕುಮ್‌ನಲ್ಲಿ ಇದಕ್ಕಾಗಿಯೇ 1924ರಲ್ಲಿ ಸಂಶೋಧನಾ ಸಂಸ್ಥೆ ಆರಂಭವಾಯಿತು. ಚನ್ನಪಟ್ಟಣದ ಗೊಂಬೆಯ ಹೊಳಪು ಅರಗಿನದು. ಕೆಲವು ಗುಳಿಗೆಗಳ ಮೇಲಿನ ಮಿರುಗೂ ಇದರದೇ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ (1886–1952) ಹಾಡು ತುಂಬಿದ ಹಳೆಯ ಕರೀ ಗ್ರಾಮಫೋನ್ ತಟ್ಟೆಗಳಲ್ಲಿ ಕೂಡ ಅರಗಿತ್ತು. ಇದು ಬೆಂಕಿಗೆ ಬೇಗ ಆಹುತಿಯಾಗುತ್ತದೆ ಎಂಬುದನ್ನು ಪಾಂಡವರ ಅರಗಿನ ಮನೆಯ ಕಥೆ ಕೇಳಿದ ಮಕ್ಕಳಿಗೆ ಹೇಳಬೇಕಿಲ್ಲ.

ಮಾಡುವ ವಿಧಾನ ಹೀಗೆ. ಅರ್ಧ ಲೀಟರ್ ಸ್ಪಿರಿಟ್‌ಗೆ ಸುಮಾರು 100 ಗ್ರಾಂ ಚಪಡಾ ಹಾಕಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಡಿ. ನಡುವೆ ಒಂದೆರಡು ಸಲ ಅಲ್ಲಾಡಿಸಿ. ಬೆಳಿಗ್ಗೆ ತೆಳು ಅರಿವೆಯಲ್ಲಿ ಸೋಸಿ. ಹಳೇ ಧೋತರದ ತುಂಡಿನಲ್ಲಿ ಹತ್ತಿ ಕಟ್ಟಿ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಅದಕ್ಕೆ ಸ್ವಲ್ಪವೇ ಅರಗು ಕುಡಿಸಿ, ಕಟ್ಟಿಗೆಯ ಎಳೆಯ ಗುಂಟ ಒಂದೇ ಕೈ ಎಳೆಯಿರಿ. ಹೋದ ಜಾಗಕ್ಕೆ ಕೂಡಲೇ ಮರಳಬೇಡಿ. ಕರಗಿದ ಅರಗು ಕಿತ್ತು ಬರುತ್ತದೆ. ತೆಳುವಾಗಿ ಎಂಟು ಹತ್ತು ಕೈ ಬೇಕು. ಒಂದೊಂದರ ನಡುವೆ ಒಂದು ತಾಸಾದರೂ ಬಿಡುವಿರಲಿ. ಮಳೆಯ ದಿನ ಈ ಕೆಲಸ ಬೇಡ. ತೇವ ಸಿಕ್ಕಿಕೊಂಡು ಪಾಲಿಶ್ ಬೆಳ್ಳಗಾಗುತ್ತದೆ. ಹತ್ತಿರ ದೀಪ, ಒಲೆ, ಬೀಡಿ ಯಾವುದೂ ಇರಬಾರದು. ಈ ಸ್ಪಿರಿಟ್ ಕುಡಿದರೆ ವಿಷ. ಬಾಟಲಿಯ ಮೇಲೆ ಹಾಗೆಂದು ಬರೆದಿಡಿ.

ಕಂಬದ ಕಪ್ಪಿಗೆ ಅಂಗಡಿಗೆ ಹೋಗಲಿಲ್ಲ. ಎಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಿಡಿದು ಅವ್ವ ಕಾಡಿಗೆ ಹಿಡಿಯುತ್ತಿದ್ದ ನೆನಪಿತ್ತು. ಹಾಗೆ ಹಿಡಿದ ಮಸಿಯನ್ನು, ದೀಪ ಆರಿಸಿ ತಟ್ಟೆ ತಣ್ಣಗಾದ ಮೇಲೆ, ಬೇರೆ ಕಡೆಗೆ ಒಯ್ದು ಅರಗಿನಲ್ಲಿ ಅರೆದೆ. ಕಾಡಿಗೆಯೂ ಇಂಗಾಲವೇ, ಅಜ್ಜನ ಪೆನ್ಸಿಲ್ಲಿನಂತೆ. ಬಿಸಿಲಿಗೆ ಬಿಳಿಚಿಕೊಳ್ಳುವುದಿಲ್ಲ. ಮೂರು ಕೈಗೆ ಕಂಬಗಳು ಎಮ್ಮೆಯ ಕೊಂಬಿನಂತೆ ಮಿರುಗಿದವು.

ಮುಳ್ಳು ಸರಿಯಾದ ಲೆಕ್ಕ

ಲೋಲಕದ ಕಡ್ಡಿಗೂ ಎರಡು ಕೈ ಅರಗು ಎಳೆದೆ. ಇದು ಅಂದಕ್ಕಲ್ಲ. ಅದು ಕಟ್ಟಿಗೆಯ ಕಡ್ಡಿ. ಬೇಸಿಗೆಗೂ ಚಳಿಗಾಲಕ್ಕೂ 15 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಾದರೆ ಹಿತ್ತಾಳೆಯ ಕಡ್ಡಿ ಉದ್ದವಾಗಿ ಗಡಿಯಾರ ದಿನಕ್ಕೆ ಸುಮಾರು 12 ಸೆಕೆಂಡು ಹಿಂದೆ ಬೀಳುತ್ತದೆ. ಕಟ್ಟಿಗೆಯದಾದರೆ ಮೂರು ನಾಲ್ಕು ಸೆಕೆಂಡು ಅಷ್ಟೆ. ಆದರೆ ಕಟ್ಟಿಗೆಗೆ ತೇವ ಆಗದು. ಅದನ್ನು ತಡೆಯುವುದೇ ಪಾಲಿಶ್ ಕೆಲಸ.

ಗಡಿಯಾರ ಗೋಡೆಗೇರಿತು. ಈ ಸಲ ಮಗಳೂ ಓಣಿಯ ಹುಡುಗರೂ ಕಿವಿಗೊಟ್ಟು, “ಎಡಕ್ಕ, ಇನ್ನಷ್ಟ ಎಡಕ್ಕ” ಎಂದು ಕುಂಟು ತಿದ್ದಿದರು. ಮರುದಿನ ನೋಡಿದರೆ 5 ನಿಮಿಷ ಹಿಂದೆ. ಹಿತ್ತಾಳೆ ಬಿಲ್ಲೆಯನ್ನು ಎಷ್ಟು ಮೇಲಕ್ಕೇರಿಸಬೇಕು? ಹುಡುಗರಿಗೆ ಲೆಕ್ಕ ಕೊಟ್ಟೆ. ದಿನಕ್ಕೆ 1440 ನಿಮಿಷ. ಅದರಲ್ಲಿ 5 ಎಂದರೆ ನೂರಕ್ಕೆ ಸುಮಾರು 0.35. ಓಲಾಟದ ಕಾಲ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುವುದರಿಂದ, ಉದ್ದವನ್ನು ಅದರ ಎರಡರಷ್ಟು, ಅಂದರೆ ನೂರಕ್ಕೆ 0.7 ಕಡಿಮೆ ಮಾಡಬೇಕು. ಲೋಲಕ 25 ಸೆಂಟಿಮೀಟರ್. ಉತ್ತರ ಸುಮಾರು 1.7 ಮಿಲಿಮೀಟರ್. ಬಿಲ್ಲೆಯ ಕೆಳಗಿನ ತಿರುಪನ್ನು ಅಷ್ಟು ಏರಿಸಿದೆವು. ಮರುದಿನ ವ್ಯತ್ಯಾಸ ಅರ್ಧ ನಿಮಿಷಕ್ಕೆ ಇಳಿದಿತ್ತು. ಈ ಲೆಕ್ಕದಲ್ಲಿ ಬಿಲ್ಲೆಯ ತೂಕ ಎಲ್ಲೂ ಬಂದಿಲ್ಲ ಎಂಬುದನ್ನು ಗಮನಿಸಿ. 1992ರಲ್ಲಿ ಬಣ್ಣದ ಭಾರವನ್ನು ದೂರಿದ ನಾವೆಲ್ಲ ತಪ್ಪಿದ್ದೆವು. 1656ರಲ್ಲಿ ಮೊದಲ ಲೋಲಕ ಗಡಿಯಾರ ಕಟ್ಟಿಸಿದ ಹಾಲೆಂಡಿನ ಹೈಗೆನ್ಸ್ ಆಧಾರ ಮಾಡಿಕೊಂಡದ್ದು ಈ ನಿಯಮವನ್ನೇ.

ಮುಂದಿನವರಿಗೆ

ವಸ್ತು ಸಂಗ್ರಹಾಲಯಗಳಲ್ಲಿ ಹಳೆಯ ವಸ್ತುಗಳನ್ನು ಕಾಪಾಡುವವರಿಗೆ ಒಂದು ಸೂತ್ರವಿದೆ. ಇಂದು ನೀವು ಮಾಡಿದ್ದನ್ನು ನಾಳೆ ಇನ್ನೊಬ್ಬರು, ಮೂಲ ವಸ್ತು ಕೆಡದಂತೆ, ತೆಗೆಯುವ ಹಾಗಿರಬೇಕು. ಅರಗಿಗೆ ಆ ಗುಣವಿದೆ. ಸ್ಪಿರಿಟ್ ತಾಗಿದರೆ ಕರಗಿ ಬರುತ್ತದೆ. ಎಲ್ಲ ಹಳೇ ಗಡಿಯಾರಕ್ಕೂ ಅರಗೇ ಆಗಬೇಕೆಂದಲ್ಲ. ಸಾದಾ ಕಟ್ಟಿಗೆಗೆ ಮೊದಲಿನಿಂದಲೂ ಬಣ್ಣವೇ ಇದ್ದರೆ ಬಣ್ಣವನ್ನೇ ಹಚ್ಚಿ. ಆದರೆ ಹಚ್ಚುವ ಮುನ್ನ ಬಾಗಿಲು ತೆರೆದು, ಬ್ಯಾಟರಿ ಬೆಳಕಿನಲ್ಲಿ ಒಳಗೆಲ್ಲ ನೋಡಿ. ಏನಾದರೂ ಬರೆದಿದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ. ಮನೆಯ ಹಿರಿಯರನ್ನು ಕೇಳಿ. ಅವರು ಸಂತೆಗೆ ಹೋದ ದಿನ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.

ನಾನು ಹುಟ್ಟಿದ ವೇಳೆ ಮರಳಿ ಸಿಗಲಿಲ್ಲ. ಎಂಬತ್ತು ದಾಟಿದ ಅವ್ವನನ್ನು ಕೇಳಿದೆ. “ದೀಪಾ ಹಚ್ಚೂ ಹೊತ್ತಾಗಿತ್ತಪಾ” ಎಂದಳು. ಅಷ್ಟು ಸಾಕು. ಅಳಿಸಿದ ಜಾಗದಲ್ಲಿ ನಾನು ಏನನ್ನೂ ಬರೆಯಲಿಲ್ಲ. ಸಾಲುಗಳ ಕೊನೆಗೆ, ಅಜ್ಜನ ಅಕ್ಷರಕ್ಕಿಂತ ಸಣ್ಣದಾಗಿ, ಪೆನ್ಸಿಲ್ಲಿನಿಂದಲೇ ಬರೆದೆ: “2023. ಅರಗು ಮತ್ತು ಕಾಡಿಗೆ ಹಚ್ಚಿದೆ. ಸ್ಪಿರಿಟ್‌ನಿಂದ ತೆಗೆಯಬಹುದು. ಈ ಬಾಗಿಲ ಒಳಗೆ ಮಾತ್ರ ಹಚ್ಚಬೇಡಿ.”